ದೋಷವೆಲ್ಲಿ, ದೂಷಣೆಯೆಲ್ಲಿ?

ಲೆಕ್ಕ ತಾಳೆಯಾಗದಿದ್ದಾಗ ಮೊದಲು ಪುಸ್ತಕವನ್ನು ತಿರುವಿ ನೋಡಬೇಕು, ಆಮೇಲೆ ಮನುಷ್ಯನ ಮುಖವನ್ನು ನೋಡಬೇಕು ಎಂಬುದು ಹಳೆಯ ಅಂಗಡಿಗಳ ಕ್ರಮವಾಗಿತ್ತು. ರೋಕಡಿಯಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ಕೂಡಿಸಿದ್ದನ್ನು ಮೂರು ಸಲ ಪರೀಕ್ಷಿಸಿ, ಹಿಂದಿನ ದಿನದ ಶಿಲ್ಕನ್ನು ನೋಡಿ, ಚೀಟಿಗಳನ್ನು ಒಂದೊಂದಾಗಿ ಎಣಿಸಿದ ನಂತರವೇ ಗುಮಾಸ್ತನನ್ನು ಕರೆದು ವಿಚಾರಿಸುತ್ತಿದ್ದರು. ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದ ಮೇಲೆ ಈ ಕ್ರಮ ತಲೆಕೆಳಗಾಗಿದೆ. ಯಂತ್ರದ ಒಳಗು ಕಣ್ಣಿಗೆ ಕಾಣುವುದಿಲ್ಲ. ಅದರ ಮುಂದೆ ಕುಳಿತ ಮನುಷ್ಯ ಕಾಣುತ್ತಾನೆ. ಆದ್ದರಿಂದ ಯಂತ್ರ ಕೆಟ್ಟಾಗ ದೂಷಣೆ ಮೊದಲು ಮನುಷ್ಯನ ಮೇಲೆಯೇ ಬೀಳುತ್ತದೆ. 2025ರ ನವೆಂಬರ್ ತಿಂಗಳಲ್ಲಿ ಕೋಲಾರದ ಒಂದು ಅಂಗಡಿಯಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ಹೇಳುತ್ತಿರುವುದು ಈ ಕಾರಣಕ್ಕೆ.

ಅದು ಹನಿ ನೀರಾವರಿಯ ಕೊಳವೆ, ಪಂಪಿನ ಬಿಡಿಭಾಗಗಳ ಅಂಗಡಿ. ಶ್ರೀನಿವಾಸಪುರದ ಮಾವಿನ ತೋಟದವರು, ಮುಳಬಾಗಿಲಿನ ಟೊಮೇಟೊ ಬೆಳೆಗಾರರು, ಮಾಲೂರಿನ ಕಡೆಯ ತರಕಾರಿ ಬೆಳೆಯುವವರು ಅದರ ಗಿರಾಕಿಗಳು. ಬೆಳೆ ಕೈಗೆ ಬಂದಾಗ ಬಾಕಿ ತೀರಿಸುವ ಉದ್ರಿ ವ್ಯಾಪಾರ. ಯಾರು ಎಷ್ಟು ಒಯ್ದರು, ಎಷ್ಟು ಕೊಟ್ಟರು ಎಂಬುದೆಲ್ಲ ಐದು ವರ್ಷ ಹಳೆಯ ಒಂದು ಲ್ಯಾಪ್‌ಟಾಪಿನಲ್ಲಿ ಅಡಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಶ್ರೀನಿವಾಸಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಗುಮಾಸ್ತರು. 22 ವರ್ಷಗಳ ಸೇವೆ. ಮೊದಲ ಹತ್ತು ವರ್ಷ ಕೈಬರಹದ ಖಾತೆ, ಅನಂತರ ಕಂಪ್ಯೂಟರ್. ಅಷ್ಟು ವರ್ಷಗಳಲ್ಲಿ ಯಜಮಾನರು ಅವರನ್ನು ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ.

ನವೆಂಬರ್ 17ರ ರಾತ್ರಿ ಗುಮಾಸ್ತರು ಎಂದಿನಂತೆ ಲ್ಯಾಪ್‌ಟಾಪನ್ನು ಮುಚ್ಚಲು ಹೋದಾಗ ‘ನವೀಕರಿಸಿ ಮುಚ್ಚು’ ಎಂಬ ಅರ್ಥದ ಸೂಚನೆ ಬಂತು. ಒತ್ತಿದರು, ಬಸ್ಸು ಹಿಡಿದರು. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ತಯಾರಕರ ಗುರುತು ಸ್ಪಷ್ಟವಾಗಿ ಮೂಡಿತು, ಅದರ ಕೆಳಗೆ ಚುಕ್ಕೆಗಳು ಸುತ್ತಿದವು, ಅನಂತರ ಪರದೆ ಎರಡು ಸಲ ಮಿನುಗಿ ಪೂರ್ತಿ ಕಪ್ಪಾಯಿತು. ಮತ್ತೆ ಮತ್ತೆ ಪ್ರಯತ್ನಿಸಿದರೂ ಅದೇ ಗತಿ. ಒಳಗೆ ಫ್ಯಾನು ತಿರುಗುತ್ತಿತ್ತು, ಕೀಲಿಮಣೆಯ ದೀಪ ಉರಿಯುತ್ತಿತ್ತು. ಮುಖ ಮಾತ್ರ ಕಾಣದು.

ಅಕ್ಟೋಬರ್ ತಿಂಗಳ ಜಿಎಸ್‌ಟಿ ವಿವರ ಸಲ್ಲಿಸಲು ನವೆಂಬರ್ 20 ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಅದಕ್ಕಿಂತ ದೊಡ್ಡ ಭಯವೆಂದರೆ, ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು ಎರಡು ತಿಂಗಳಾಗಿತ್ತು. ಅಷ್ಟು ಉದ್ರಿ ಯಂತ್ರದ ಹೊಟ್ಟೆಯಲ್ಲೇ ಉಳಿದಿತ್ತು. ಆ ಆತಂಕದಲ್ಲಿ, ನಾಲ್ಕು ಜನ ಗಿರಾಕಿಗಳೂ ಅಂಗಡಿಯ ಹುಡುಗರೂ ನಿಂತಿರುವಾಗಲೇ, ಯಜಮಾನರ ಬಾಯಿಂದ ಮಾತು ಹೊರಬಿತ್ತು: “ಏನೋ ಒತ್ತಿ ಕೆಡಿಸಿದ್ದೀಯ. ಗೊತ್ತಿಲ್ಲದಿದ್ದರೆ ಕೇಳಬೇಕಾಗಿತ್ತು ನೀನು.”

ಗುಮಾಸ್ತರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಯಜಮಾನರೇ, ಪರದೆ ಕೆಟ್ಟಿದ್ದರೆ ಮೊದಲು ಬರುವ ಆ ಗುರುತೂ ಕಾಣಬಾರದಲ್ಲವೆ?” ಎಂದಷ್ಟೇ ಕೇಳಿದರು. ಅದು ಆ ದಿನ ಆ ಅಂಗಡಿಯಲ್ಲಿ ಆಡಿದ ಮಾತುಗಳಲ್ಲೆಲ್ಲ ವಿವೇಕದ ಮಾತಾಗಿತ್ತು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಊರಿನ ಒಂದು ದುರಸ್ತಿ ಅಂಗಡಿಗೆ ಲ್ಯಾಪ್‌ಟಾಪ್ ಹೋಯಿತು. ಅಲ್ಲಿದ್ದವರು ಒಮ್ಮೆ ಗುಂಡಿ ಒತ್ತಿ, ಕಪ್ಪು ಪರದೆಯನ್ನು ನೋಡಿ, “ಡಿಸ್‌ಪ್ಲೇ ಹೋಗಿದೆ, ಹೊಸದಕ್ಕೆ 7,500 ಆಗುತ್ತದೆ, ಜೊತೆಗೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇವೆ, ಪಾಸ್‌ವರ್ಡ್ ಬರೆದುಕೊಟ್ಟು ಹೋಗಿ” ಎಂದರು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವ ಮಗನಿಗೆ ಫೋನ್ ಮಾಡಿದರೆ, “ಅಪ್ಪಾ, ಐದು ವರ್ಷದ್ದು ಅದು. ಹೊಸದೇ ತೆಗೆದುಕೊಳ್ಳಿ” ಎಂಬ ಸಲಹೆ ಬಂತು. ಹೊಸದು ಕೊಂಡರೂ ಹಳೆಯ ಲೆಕ್ಕ ಅದರೊಳಕ್ಕೆ ತಾನಾಗಿ ನಡೆದು ಬರುವುದಿಲ್ಲ ಎಂಬುದನ್ನು ಮಗ ಯೋಚಿಸಿರಲಿಲ್ಲ. ಎಲ್ಲವನ್ನೂ ಅಳಿಸುವ ಮಾತು ಕೇಳಿಯೇ ಯಜಮಾನರ ಎದೆ ನಡುಗಿತ್ತು. ಯಂತ್ರವನ್ನು ಅವರು ಹಿಂದಕ್ಕೆ ತಂದರು.

ಸಂಜೆ ಕೊಳವೆ ಕೊಳ್ಳಲು ಬಂದಿದ್ದ ಮುಳಬಾಗಿಲಿನ ರೈತರೊಬ್ಬರು, ತಮ್ಮೂರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುವ ಹೆಣ್ಣುಮಗಳೊಬ್ಬಳು ಇಂಥದ್ದನ್ನು ತಾಳ್ಮೆಯಿಂದ ನೋಡುತ್ತಾಳೆ ಎಂದು ಹೇಳಿದರು. ಮರುದಿನ ಯಜಮಾನರು, ಗುಮಾಸ್ತರು ಇಬ್ಬರೂ ಲ್ಯಾಪ್‌ಟಾಪನ್ನು ಹಿಡಿದು ಹೊರಟರು. ಸುಮಾರು 30 ಕಿಲೋಮೀಟರ್ ದಾರಿಯಲ್ಲಿ ಇಬ್ಬರ ನಡುವೆ ಒಂದು ಮಾತೂ ನಡೆಯಲಿಲ್ಲ.

ಆ ಯುವತಿ ಯಂತ್ರವನ್ನು ಮುಟ್ಟುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ: “ಇದು ಶುರುವಾಗುವ ಹಿಂದಿನ ರಾತ್ರಿ ಏನಾಯಿತು? ದಿನಾ ಇದರ ಮುಂದೆ ಕೂರುವವರು ಯಾರು?” ಗುಮಾಸ್ತರು ನಡೆದದ್ದನ್ನು ಹೇಳಿದರು, ಗುರುತು ಕಾಣುವ ವಿಚಾರವನ್ನೂ ಅಳುಕುತ್ತ ಹೇಳಿದರು. “ನೀವು ಹೇಳಿದ್ದು ಸರಿ ಅಣ್ಣಾ. ಗುರುತು ಚೆನ್ನಾಗಿ ಕಾಣುತ್ತಿದೆ ಅಂದರೆ ಗಾಜೂ ದೀಪವೂ ನೆಟ್ಟಗಿವೆ. ಕಪ್ಪಾಗುವುದು ಡ್ರೈವರ್ ಕೆಲಸ ಶುರು ಮಾಡುವ ಹೊತ್ತಿಗೆ” ಎಂದಳು ಆಕೆ.

ಇಲ್ಲಿ ಡ್ರೈವರ್ ಎಂದರೆ ಟೊಮೇಟೊ ಲಾರಿಯ ಚಾಲಕನಲ್ಲ ಎಂಬುದನ್ನು ವಿವರಿಸಬೇಕು. ಕೋಲಾರ ಜಿಲ್ಲೆ ಆಂಧ್ರ, ತಮಿಳುನಾಡು ಎರಡಕ್ಕೂ ಗಡಿ. ಶ್ರೀನಿವಾಸಪುರದ ರೈತ ಮನೆಯಲ್ಲಿ ತೆಲುಗು ಮಾತನಾಡಬಹುದು, ಹೊರಗಿನಿಂದ ಬಂದ ಖರೀದಿದಾರ ತಮಿಳು ಮಾತನಾಡಬಹುದು, ಮಂಡಿಯ ಚೀಟಿ ಕನ್ನಡದಲ್ಲಿರುತ್ತದೆ. ಮೂರೂ ಬಲ್ಲ ಒಬ್ಬನು ನಡುವೆ ನಿಂತರೆ ವ್ಯಾಪಾರ ನಡೆಯುತ್ತದೆ. ಕಂಪ್ಯೂಟರಿನ ಮೂಲ ವ್ಯವಸ್ಥೆಗೂ ಚಿತ್ರವನ್ನು ಮೂಡಿಸುವ ಘಟಕಕ್ಕೂ ಮಧ್ಯೆ ಹಾಗೆ ನಿಂತ ದುಭಾಷಿಯೇ ಡ್ರೈವರ್ ಎಂಬ ಸಣ್ಣ ತಂತ್ರಾಂಶ. ನವೀಕರಣದ ಸಮಯದಲ್ಲಿ ಹಳೆಯ ದುಭಾಷಿಯನ್ನು ಕಳಿಸಿ ಹೊಸಬನನ್ನು ನೇಮಿಸಲಾಗುತ್ತದೆ. ಹೊಸಬನಿಗೆ ಆ ನಿರ್ದಿಷ್ಟ ಯಂತ್ರದ ಮಾತು ಸರಿಯಾಗಿ ಬಾರದಿದ್ದರೆ ರೈತನೂ ಪ್ರಾಮಾಣಿಕ, ಖರೀದಿದಾರನೂ ಪ್ರಾಮಾಣಿಕ, ಆದರೂ ವ್ಯಾಪಾರ ಮುರಿಯುತ್ತದೆ. ಪರದೆ ಕಪ್ಪಾಗುತ್ತದೆ, ಮಿನುಗುತ್ತದೆ, ಅಕ್ಷರಗಳು ಊದಿಕೊಳ್ಳುತ್ತವೆ, ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಆಗುವುದಿಲ್ಲ. ಯಾವ ಭಾಗವೂ ಒಡೆದಿರುವುದಿಲ್ಲ.

ಯುವತಿ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಎಂಬ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಅದು ಚಿತ್ರದ ಡ್ರೈವರನ್ನು ಮತ್ತೆ ಎಬ್ಬಿಸುವ ಕ್ರಮ. ಒಂದು ಸದ್ದು ಬಂತು, ಚಿತ್ರ ಬರಲಿಲ್ಲ. ಯಂತ್ರ ಒಳಗೆ ಎಚ್ಚರವಾಗಿಯೇ ಇದೆ ಎಂಬುದು ಅದರಿಂದ ತಿಳಿಯಿತು. ಅನಂತರ ಯಂತ್ರ ಆರಂಭವಾಗುತ್ತಿರುವಾಗಲೇ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದಳು. ಹೀಗೆ ಮೂರು ಸಲ. ಆಗ ಅದು ತಾನಾಗಿಯೇ ದುರಸ್ತಿಯ ಪುಟವನ್ನು ತೆರೆಯಿತು. ಅಲ್ಲಿಂದ ಮುಂದೆ ಹೋಗಲು 48 ಅಂಕಿಗಳ ಗುಪ್ತ ಸಂಖ್ಯೆ ಕೇಳಿತು. ಯಜಮಾನರು ಬೆವರಿದರು. ಗುಮಾಸ್ತರು ಮೆಲ್ಲಗೆ, “ಯಂತ್ರ ಕೊಂಡ ವರ್ಷವೇ ಅದನ್ನು ಬರೆದು ತಿಜೋರಿಯಲ್ಲಿ ಇಟ್ಟಿದ್ದೇನೆ” ಎಂದರು. ಅಂಗಡಿಯಲ್ಲಿದ್ದ ಯಜಮಾನರ ತಮ್ಮನು ಫೋನಿನಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳನ್ನು ಓದಿ ಹೇಳಿದನು, ಬಾಗಿಲು ತೆರೆಯಿತು.

‘ಸೇಫ್ ಮೋಡ್’ ಎಂಬ ಸರಳ ಸ್ಥಿತಿಯಲ್ಲಿ ಯಂತ್ರ ಎದ್ದಾಗ ಪರದೆ ಬೆಳಗಿತು. ಅಕ್ಷರಗಳು ದಪ್ಪವಾಗಿದ್ದವು, ಆದರೆ ಒಂದು ಗೆರೆಯೂ ಮುರಿದಿರಲಿಲ್ಲ. 7,500 ರೂಪಾಯಿಯ ಪರದೆ ಹೋಗಿಲ್ಲ ಎಂಬುದಕ್ಕೆ ಇನ್ನಾವ ಸಾಕ್ಷಿಯೂ ಬೇಕಿರಲಿಲ್ಲ. ಆಕೆ ತಕ್ಷಣ ದುರಸ್ತಿಗೆ ಇಳಿಯಲಿಲ್ಲ. “ಮೊದಲು ಲೆಕ್ಕ ತೆಗೆದುಕೊಳ್ಳಿ, ಆಮೇಲೆ ಉಳಿದದ್ದು” ಎಂದು ಗುಮಾಸ್ತರ ಕೈಗೆ ಯಂತ್ರ ಕೊಟ್ಟು, ಪೆನ್‌ಡ್ರೈವಿಗೆ ಎಲ್ಲವೂ ಹೋಗುವವರೆಗೆ ಬೇರೆ ಗಿರಾಕಿಯ ಅರ್ಜಿ ತುಂಬಿದಳು. ಅನಂತರ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ಚಿತ್ರಘಟಕದ ಹೆಸರಿನ ಮೇಲೆ ಒತ್ತಿ, ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬುದನ್ನು ಆರಿಸಿದಳು. ಹಳೆಯ ದುಭಾಷಿ ತನ್ನ ಜಾಗಕ್ಕೆ ಮರಳಿದ. ಯಂತ್ರ ಮತ್ತೆ ಎದ್ದಾಗ ಎಲ್ಲವೂ ಮೊದಲಿನಂತೆ. ನವೀಕರಣವನ್ನು ಕೆಲವು ವಾರಗಳ ಮಟ್ಟಿಗೆ ತಡೆದು, ಆ ಅವಧಿಯಲ್ಲಿ ತಯಾರಕರ ಜಾಲತಾಣದಿಂದ ಅದೇ ಮಾದರಿಗೆ ಸರಿಹೊಂದುವ ಹೊಸ ಡ್ರೈವರನ್ನು ಹಾಕಿಕೊಳ್ಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಳು. ಒಟ್ಟು ಸುಮಾರು ಒಂದು ಗಂಟೆ, 300 ರೂಪಾಯಿ. ಯಜಮಾನರು ಸಾವಿರ ಕೊಡಲು ಹೋದರೆ, “ಕೆಲಸ ಆದಷ್ಟಕ್ಕೇ ಸರ್. ನಿಜವಾಗಿ ಪರದೆಯೇ ಹೋಗಿದ್ದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ, ಕೋಲಾರಕ್ಕೇ ಕಳಿಸುತ್ತಿದ್ದೆ” ಎಂದು ಉಳಿದದ್ದನ್ನು ಹಿಂದಿರುಗಿಸಿದಳು. ತಾನು ಬಲ್ಲದ್ದೆಷ್ಟು, ತನಗೆ ಬಾರದ್ದೆಷ್ಟು ಎಂಬುದನ್ನು ಗಿರಾಕಿಯ ಮುಂದೆ ಹೇಳುವುದೂ ಸರಿಯಾದ ತೂಕದ ಒಂದು ಬಗೆಯೇ.

ಇಂಥ ಕೇಡು ಒಂದು ಅಂಗಡಿಗೆ ಮಾತ್ರ ಬಂದದ್ದಲ್ಲ. 2018ರ ಅಕ್ಟೋಬರ್ ತಿಂಗಳ ವಿಂಡೋಸ್ ನವೀಕರಣದ ಕಾಲದಲ್ಲಿ, ಇಂಟೆಲ್ ಸಂಸ್ಥೆಯ ಕೆಲವು ಡಿಸ್‌ಪ್ಲೇ ಡ್ರೈವರುಗಳು ಬೆಂಬಲವಿಲ್ಲದ ಸೌಲಭ್ಯಗಳನ್ನು ತಪ್ಪಿ ಚಾಲೂ ಮಾಡಿದ್ದರಿಂದ, ಟಿವಿಗೆ ಜೋಡಿಸಿದ ಕಂಪ್ಯೂಟರುಗಳಲ್ಲಿ ಧ್ವನಿ ಸರಿಯಾಗಿ ಬರದ ತೊಂದರೆ ಕಂಡಿತು. ಅಂಥ ಯಂತ್ರಗಳಿಗೆ ನವೀಕರಣವನ್ನೇ ತಡೆಹಿಡಿಯಲಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದೇ ಒಂದು ದೋಷಯುಕ್ತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅದಕ್ಕೂ ಪರಿಹಾರ ಸೇಫ್ ಮೋಡಿಗೆ ಹೋಗಿ ಒಂದು ಕಡತವನ್ನು ಅಳಿಸುವುದೇ ಆಗಿತ್ತು. ಅಂದು ಯಂತ್ರದ ಮುಂದೆ ಕುಳಿತಿದ್ದ ಲಕ್ಷಾಂತರ ನೌಕರರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಹಾಗೆಂದು ನವೀಕರಣವನ್ನೇ ಶಾಶ್ವತವಾಗಿ ನಿಲ್ಲಿಸುವುದು ವಿವೇಕವಲ್ಲ. 2017ರ ಮೇ 12ರಂದು ಹರಡಲಾರಂಭಿಸಿದ ವಾನಾಕ್ರೈ ಎಂಬ ಹಾವಳಿ ಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ನವೀಕರಣ ಅದೇ ವರ್ಷದ ಮಾರ್ಚ್ 14ರಂದೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬಾಗಿಲು ಕಿರುಗುಟ್ಟುತ್ತದೆಂದು ಬಾಗಿಲನ್ನೇ ಕಿತ್ತುಹಾಕುವವರಿಲ್ಲ. ತಿಂಗಳ ಕೊನೆಯ ಲೆಕ್ಕ, ತೆರಿಗೆಯ ಗಡುವು ಹತ್ತಿರವಿರುವ ದಿನಗಳಲ್ಲಿ ತಡೆದು, ಬಿಡುವಿನ ದಿನ ನೋಡಿ, ಪ್ರತಿ ತೆಗೆದಿಟ್ಟುಕೊಂಡು ಹಾಕಿಕೊಳ್ಳುವುದು ಗೃಹಸ್ಥನ ಕ್ರಮ.

ಮನೆಗಳಲ್ಲಿಯೂ ದೇವಸ್ಥಾನದ ಟ್ರಸ್ಟುಗಳ ಕಚೇರಿಗಳಲ್ಲಿಯೂ ಇಂದು ದೇಣಿಗೆಯ ರಶೀದಿಯಿಂದ ವಾರ್ಷಿಕ ಲೆಕ್ಕದವರೆಗೆ ಎಲ್ಲವೂ ಇಂಥ ಯಂತ್ರದಲ್ಲಿರುವುದರಿಂದ ಪರೀಕ್ಷೆಯ ಅನುಕ್ರಮವನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದಾಗಿ, ಯಂತ್ರ ಆರಂಭವಾಗುವಾಗ ತಯಾರಕರ ಗುರುತು ಕಾಣುತ್ತದೆಯೇ ನೋಡಬೇಕು. ಅದೂ ಕಾಣದಿದ್ದರೆ, ಅಥವಾ ಅಲ್ಲಿಯೇ ಗೆರೆಗಳು ಮೂಡಿದರೆ ಯಂತ್ರಭಾಗದ ಮೇಲೆ ಅನುಮಾನ. ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಚಿತ್ರ ಮಸುಕಾಗಿ ಕಂಡಲ್ಲಿ ಹಿಂಬದಿಯ ದೀಪ ಹೋಗಿದೆ. ಎರಡನೆಯದಾಗಿ, ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಬೇಕು. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲದಿದ್ದರೆ ಪರದೆಯನ್ನೋ ಅದರ ತಂತಿಯನ್ನೋ ನೋಡಿಸಬೇಕು. ಎರಡರಲ್ಲೂ ಒಂದೇ ದೋಷವಿದ್ದರೆ ಡ್ರೈವರ್ ಅಥವಾ ಚಿತ್ರಘಟಕದ ಕಡೆ ತಿರುಗಬೇಕು. ಮೂರನೆಯದಾಗಿ, ಸೇಫ್ ಮೋಡ್. ದುರಸ್ತಿಯ ಪುಟದಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂಬ ದಾರಿಯಲ್ಲಿ ಹೋಗಿ 4ನ್ನು ಒತ್ತಬೇಕು. ಅಲ್ಲಿ ಪರದೆ ಸರಿಯಾಗಿದ್ದರೆ ಯಾರೂ ಹೊಸ ಪರದೆಗೆ ಹಣ ಕೊಡಬೇಕಾಗಿಲ್ಲ.

ರೋಲ್ ಬ್ಯಾಕ್ ಎಂಬುದು ಮಸುಕಾಗಿದ್ದು ಒತ್ತಲು ಬಾರದಿದ್ದರೆ, ಆ ಡ್ರೈವರನ್ನು ತೆಗೆದುಹಾಕಿ, ಲ್ಯಾಪ್‌ಟಾಪಿನ ಕೆಳಗೆ ಬರೆದಿರುವ ಮಾದರಿಯ ಹೆಸರಿನಿಂದ ತಯಾರಕರ ಜಾಲತಾಣದಲ್ಲಿ ಹುಡುಕಿ ಸರಿಯಾದುದನ್ನು ಹಾಕಬೇಕು. ‘ಎಲ್ಲ ಡ್ರೈವರುಗಳನ್ನೂ ಕ್ಷಣದಲ್ಲಿ ಸರಿಮಾಡುತ್ತೇವೆ’ ಎಂದು ಕರೆಯುವ ಅಪರಿಚಿತ ತಂತ್ರಾಂಶಗಳನ್ನು ನಂಬಬಾರದು. ವಿಂಡೋಸಿನ ಆವೃತ್ತಿಯೇ ಬದಲಾಗಿದ್ದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳುವ ಅವಕಾಶವಿರುತ್ತದೆ. ಬಿಟ್‌ಲಾಕರ್ ಎಂಬ ಬೀಗದ 48 ಅಂಕಿಗಳನ್ನು ಇಂದೇ ಕಾಗದದಲ್ಲಿ ಬರೆದು ಯಂತ್ರದಿಂದ ಬೇರೆ ಕಡೆ ಭದ್ರವಾಗಿಡಬೇಕು. ದುರಸ್ತಿಗೆ ಕೊಡುವ ಮುನ್ನ ಬ್ಯಾಂಕಿನ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಡಿಜಿಟಲ್ ಸಹಿಯ ಸಾಧನವನ್ನು ಜೊತೆಗೆ ಕಳಿಸಲೇಬಾರದು. ಸಾಧ್ಯವಾದಲ್ಲಿ ಎದುರಿಗೇ ಕುಳಿತು ಮಾಡಿಸಬೇಕು. ಭಾಗ ಬದಲಾಯಿಸಿದರೆ ತೆಗೆದ ಹಳೆಯ ಭಾಗವನ್ನು ಕೇಳಿ ನೋಡಬೇಕು.

ಪರೀಕ್ಷಿಸದೆ ಹೊಸ ಪರದೆಗೆ ಹಣ ಕೇಳುವವನು ಗಿರಾಕಿಯ ಅಜ್ಞಾನಕ್ಕೆ ಬೆಲೆ ಕಟ್ಟುತ್ತಾನೆ. ಅವನು ಸುಳ್ಳು ಹೇಳಬೇಕೆಂದೇ ಹೇಳಿರಲಿಕ್ಕಿಲ್ಲ, ನೋಡದೆ ಹೇಳಿದ. ವ್ಯಾಪಾರದಲ್ಲಿ ಎರಡರ ಫಲವೂ ಒಂದೇ. ಪರೀಕ್ಷಿಸದೆ ಹಳೆಯದನ್ನು ಎಸೆಯುವವನು ಇನ್ನೂ ದುಡಿಯಬಲ್ಲ ವಸ್ತುವನ್ನು ಕಸಕ್ಕೆ ಸೇರಿಸುತ್ತಾನೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕಸವಾಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕೊಂಡವನದೇ. ಇನ್ನು ಪರೀಕ್ಷಿಸದೆ ಮನುಷ್ಯನನ್ನು ದೂಷಿಸುವವನು ಈ ಇಬ್ಬರಿಗಿಂತ ದೊಡ್ಡ ನಷ್ಟ ಮಾಡುತ್ತಾನೆ. ಡ್ರೈವರನ್ನು ಹಿಂದಿನ ಸ್ಥಿತಿಗೆ ತರಲು ಒಂದು ಗುಂಡಿ ಇದೆ. ಆಡಿದ ಮಾತಿಗೆ ಅಂಥ ಗುಂಡಿಯಿಲ್ಲ.

ಮುಳಬಾಗಿಲಿನಿಂದ ಹಿಂದಿರುಗುವ ದಾರಿಯಲ್ಲಿ ಯಜಮಾನರು ಮಾತನಾಡಲು ಎರಡು ಸಲ ಪ್ರಯತ್ನಿಸಿ ಸುಮ್ಮನಾದರು. ಇಬ್ಬರೇ ಇರುವಾಗ ಹೇಳಿದರೆ ಸಾಲದೆಂಬುದು ಅವರಿಗೆ ತಿಳಿದಿತ್ತು. ಮರುದಿನ 20ನೆಯ ತಾರೀಖು. ಮಧ್ಯಾಹ್ನದ ಹೊತ್ತಿಗೆ ತೆರಿಗೆಯ ವಿವರ ಸಲ್ಲಿಕೆಯಾಯಿತು. ಅಂಗಡಿಯ ಹುಡುಗರೆಲ್ಲರೂ ಇದ್ದರು, ಗಿರಾಕಿಗಳೂ ಇದ್ದರು. ಯಜಮಾನರು ಗದ್ದುಗೆಯಿಂದ ಎದ್ದು ಗುಮಾಸ್ತರ ಮೇಜಿನ ಬಳಿಗೆ ಬಂದು ನಿಂತರು. “ಮೊನ್ನೆ ಇವರೆಲ್ಲರ ಮುಂದೆ ನಿಮ್ಮನ್ನು ಅನ್ನಬಾರದ ಮಾತು ಅಂದೆ. ತಪ್ಪು ನಿಮ್ಮದಲ್ಲ, ನನ್ನದು. ಕ್ಷಮಿಸಬೇಕು ನೀವು” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಗುಮಾಸ್ತರು ಎದ್ದು ನಿಂತರು, ಕಣ್ಣು ತೇವವಾಗಿತ್ತು. “ಆಗಲಿ ಯಜಮಾನರೇ” ಎಂದರು. ಸ್ವಲ್ಪ ತಡೆದು, “ಪ್ರತಿ ಶನಿವಾರ ಪೆನ್‌ಡ್ರೈವಿಗೆ ಪ್ರತಿ ತೆಗೆದಿಡೋಣ. ಎರಡು ತಿಂಗಳು ಬಿಟ್ಟಿದ್ದು ನನ್ನ ತಪ್ಪು” ಎಂದು ಸೇರಿಸಿದರು. ತನ್ನದಲ್ಲದ ತಪ್ಪನ್ನು ಹೊರದೆ, ತನ್ನದಾದಷ್ಟನ್ನು ಮಾತ್ರ ಒಪ್ಪಿಕೊಂಡ ಆ ಮಾತಿನಲ್ಲಿ ಲೆಕ್ಕದ ಮನುಷ್ಯನ ಪ್ರಾಮಾಣಿಕತೆ ಇತ್ತು. ಆ ಶನಿವಾರದಿಂದ ಪೆನ್‌ಡ್ರೈವಿಗೆ ಪ್ರತಿ ಹೋಗುತ್ತಿದೆ. ತಾರೀಖು ಬರೆದು ಇಬ್ಬರೂ ಸಹಿ ಮಾಡುವ ಒಂದು ಚಿಕ್ಕ ಪುಸ್ತಕ ತಿಜೋರಿಯಲ್ಲಿ, ಆ 48 ಅಂಕಿಗಳ ಚೀಟಿಯ ಪಕ್ಕದಲ್ಲಿದೆ.